ಒಂಬತ್ತು ಮಂದಿಯ ಪೋಕರ್: ಯಾವ ಎಲೆ ಆಡಬೇಕು, ಯಾವುದನ್ನು ಬಿಡಬೇಕು?

ಯುಗಾದಿ ಬಂತೆಂದರೆ ಮಂಡ್ಯ, ಹಾಸನದ ಕಡೆ ಇಸ್ಪೀಟು. ಸಾತಮ್-ಆಠಮ್ ಬಂತೆಂದರೆ ಗುಜರಾತಿನಲ್ಲಿ ತೀನ್ ಪತ್ತಿ. ಹಜೀರಾದ ಕಾಲೋನಿಗಳಲ್ಲಿರುವ ನಮ್ಮ ಹುಡುಗರಿಗೆ ಎರಡೂ ಗೊತ್ತು. ಶಿಫ್ಟ್ ಮುಗಿಸಿ ಬಂದು ಮೊಬೈಲಿನಲ್ಲಿ ಪೋಕರ್ ತೆರೆಯುವವರೂ ಉಂಟು. ಇವತ್ತಿನ ಮಾತು ಅವರಿಗೆ, ಅವರ ಮನೆಯವರಿಗೆ. ಹಣವಿಟ್ಟು ಆಡಿ ಎಂದು ಹೇಳಲು ನಾನು ಬಂದಿಲ್ಲ. ಆಟದ ಲೆಕ್ಕ ಏನು ಹೇಳುತ್ತದೆ ಎಂದು ನೋಡೋಣ.

ಒಂದೇ ಮೇಜಿನ ಸಣ್ಣ ಟೂರ್ನಮೆಂಟ್ ಹೀಗಿರುತ್ತದೆ. ಒಂಬತ್ತು ಜನ, ಎಲ್ಲರಿಗೂ 1500 ಚಿಪ್. ಪ್ರತಿಯೊಬ್ಬರಿಗೂ ಎರಡು ಎಲೆ ಗುಟ್ಟಾಗಿ, ನಡುವೆ ಐದು ಎಲೆ ಎಲ್ಲರಿಗೂ ಸೇರಿ. ಸರದಿಯಂತೆ ಇಬ್ಬರು ನೋಡದೆಯೇ ಕಟ್ಟಬೇಕಾದ ಮೊತ್ತ ಬ್ಲೈಂಡ್. ಮೊದಲಿಗೆ ಅದು 10 ಮತ್ತು 20. ಹೊತ್ತು ಕಳೆದಂತೆ ಏರುತ್ತದೆ. ಬಹುಮಾನ ಮೊದಲ ಮೂವರಿಗೆ ಮಾತ್ರ: ನೂರಕ್ಕೆ 50, 30, 20.

ಒಬ್ಬೊಬ್ಬರ ಪ್ರವೇಶಧನ ನೂರು ರೂಪಾಯಿ ಎಂದು ಇಟ್ಟುಕೊಳ್ಳಿ. ಮೊದಲ ಕೈಯಲ್ಲೇ ನೀವು ಎಲ್ಲವನ್ನೂ ಒಡ್ಡಿ, ಒಬ್ಬನನ್ನು ಹೊರಹಾಕಿ, ಚಿಪ್ ಎರಡರಷ್ಟು ಮಾಡಿಕೊಂಡಿರಿ. ನಿಮ್ಮ ಪಾಲು ಇನ್ನೂರಾಯಿತೇ? ಇಲ್ಲ. ಎಲ್ಲರೂ ಸಮಾನ ಆಟಗಾರರೆಂದು ಲೆಕ್ಕ ಹಾಕಿದರೆ ಅದು ಸುಮಾರು 182 ರೂಪಾಯಿ 50 ಪೈಸೆ. ಅಂದರೆ ನೂರು ಕಳೆದುಕೊಳ್ಳುವ ಅಪಾಯಕ್ಕೆ ಎದುರಾಗಿ ಸಿಗುವುದು ಎಂಬತ್ತೆರಡೂವರೆ. ನೂರು ಸಲದಲ್ಲಿ ಐವತ್ತೈದು ಸಲ ಗೆಲ್ಲುವಂತಿದ್ದರೆ ಮಾತ್ರ ಅದು ಸರಿಹೋಗುತ್ತದೆ. ಗೆದ್ದ ಚಿಪ್ಪಿಗಿಂತ ಕಳೆದ ಚಿಪ್ಪಿನ ಬೆಲೆ ಹೆಚ್ಚು. ಎಲೆ ಆರಿಸುವ ನಿಯಮವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಎರಡು ಎಲೆ ಬರುವ ಬಗೆ ಒಟ್ಟು 1326. ಜೋಡಿ ಬರುವುದು ಹದಿನೇಳು ಕೈಗೆ ಒಂದು ಸಲ. ಜೋಡಿ ಎಕ್ಕ 221 ಕೈಗೆ ಒಂದು ಸಲ. ಶುರುವಿನಲ್ಲಿ, ಅದರಲ್ಲೂ ಮೊದಲು ಮಾತಾಡಬೇಕಾದ ಜಾಗದಲ್ಲಿ ಕುಳಿತಾಗ, ಹತ್ತರ ಜೋಡಿಯಿಂದ ಮೇಲೆ ಮತ್ತು ಎಕ್ಕ-ರಾಜ, ಇಷ್ಟೇ ಸಾಕು. ಇವು ಬರುವುದು ಸುಮಾರು 29 ಕೈಗೆ ಒಂದು ಸಲ. ಉಳಿದದ್ದೆಲ್ಲ ಬಿಸಾಡುವ ಎಲೆ.

ಎಕ್ಕ ಕಂಡ ಕೂಡಲೇ ಕೈ ತುರಿಸುತ್ತದೆ. ಎಕ್ಕ-ಏಳು ಹಿಡಿದವನ ಎದುರು ಎಕ್ಕ-ರಾಜ ಇದ್ದರೆ, ನಡುವೆ ಎಕ್ಕ ಬಿದ್ದಾಗಲೂ ಹೆಚ್ಚಾಗಿ ರಾಜನದೇ ಮೇಲುಗೈ. ನಾಲ್ಕರಲ್ಲಿ ಮೂರು ಸಲದ ಹತ್ತಿರ ಏಳು ಸೋಲುತ್ತದೆ. ಎರಡು, ಮೂರು, ನಾಲ್ಕರಂಥ ಸಣ್ಣ ಜೋಡಿಯನ್ನು ಅಗ್ಗದಲ್ಲಿ ನೋಡಬಹುದು. ಆದರೆ ಮೊದಲ ಮೂರು ಎಲೆಯಲ್ಲಿ ಅದೇ ಅಂಕಿಯ ಇನ್ನೊಂದು ಎಲೆ ಬೀಳುವುದು ಎಂಟೊಂಬತ್ತು ಸಲಕ್ಕೆ ಒಮ್ಮೆ. ಬೀಳದಿದ್ದರೆ ಬಿಟ್ಟು ಏಳಬೇಕು.

ಬ್ಲೈಂಡ್ ಏರಿ ನಿಮ್ಮ ಬಳಿ ದೊಡ್ಡ ಬ್ಲೈಂಡಿನ ಹತ್ತರಷ್ಟೇ ಉಳಿದರೆ ಆಟದ ರೀತಿ ಬದಲಾಗುತ್ತದೆ. ಆಗ ಕಾಯುತ್ತ ಕೂತರೆ ಬ್ಲೈಂಡೇ ನಿಮ್ಮನ್ನು ತಿನ್ನುತ್ತದೆ. ಪೂರ್ತಿ ಒಡ್ಡುವುದು, ಇಲ್ಲವೇ ಬಿಸಾಡುವುದು, ನಡುವಿನ ದಾರಿ ಇಲ್ಲ. ಮೊದಲು ಒಡ್ಡಿದವನಿಗೆ ಎರಡು ಗೆಲುವಿನ ದಾರಿ: ಎದುರಾಳಿ ಬಿಡಬಹುದು, ಅಥವಾ ಎಲೆ ಗೆಲ್ಲಬಹುದು. ಒಡ್ಡಿದವನನ್ನು ಎದುರಿಸುವವನಿಗೆ ಒಂದೇ ದಾರಿ. ಆದ್ದರಿಂದ ಒಡ್ಡಲು ಸಾಧಾರಣ ಎಲೆ ಸಾಕು, ಎದುರಿಸಲು ಗಟ್ಟಿ ಎಲೆ ಬೇಕು. ನಾಲ್ವರು ಉಳಿದು ಮೂವರಿಗೆ ಬಹುಮಾನ ಇರುವಾಗಲಂತೂ ಇದು ಇಮ್ಮಡಿ ನಿಜ.

ಈಗ ಜೇಬಿನ ಲೆಕ್ಕ. ನೂರರ ಜೊತೆ ಸೈಟಿನವರ ಶುಲ್ಕ ಹತ್ತು ಎಂದುಕೊಳ್ಳಿ. ಒಂಬತ್ತು ಜನ ಕೊಟ್ಟದ್ದು 990, ಹಂಚಿದ್ದು 900. ಸಮಾನ ಆಟಗಾರನು ಆಟಕ್ಕೆ ಹತ್ತು ರೂಪಾಯಿಯಂತೆ ಸೋಲುತ್ತಾನೆ. ರಾತ್ರಿಗೆ ಐದು ಆಟವಾದರೆ ತಿಂಗಳಿಗೆ 1500. ಚೆನ್ನಾಗಿ ಆಡುತ್ತೇನೆ ಎಂದು ಎಲ್ಲರೂ ನಂಬಿರುತ್ತಾರೆ. ಮೇಜಿನ ಸುತ್ತ ಕುಳಿತ ಒಂಬತ್ತೂ ಜನ ಸರಾಸರಿಗಿಂತ ಮೇಲಿರಲು ಸಾಧ್ಯವಿಲ್ಲ.

ಕಾನೂನನ್ನೂ ತಿಳಿದಿರಬೇಕು. ಪೋಕರ್ ಕೌಶಲದ ಆಟವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಕಂಡಿತ್ತು. ಗುಜರಾತ್ ಹೈಕೋರ್ಟಿನ ಏಕಸದಸ್ಯ ಪೀಠ 2017ರ ಡಿಸೆಂಬರಿನಲ್ಲಿ ಅದು ಜೂಜೇ ಎಂದು ತೀರ್ಪಿತ್ತಿತು. ಊರಿನಲ್ಲಿ ನಡೆದದ್ದು ಇಲ್ಲಿಯೂ ನಡೆಯುತ್ತದೆ ಎಂದುಕೊಳ್ಳಬಾರದು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ಹಣದ ಆನ್‌ಲೈನ್ ಆಟ ನಡೆಸುವುದನ್ನೂ ಅದರ ಜಾಹೀರಾತನ್ನೂ ನಿಷೇಧಿಸುತ್ತದೆ. ಅದರ ಬೆನ್ನಿಗೇ ದೇಶದ ದೊಡ್ಡ ಸೈಟುಗಳು ಹಣದ ಆಟ ನಿಲ್ಲಿಸಿದವು. ಹೊರದೇಶದ ಯಾವುದೋ ಆ್ಯಪಿಗೆ ಹಣ ಹಾಕಿದರೆ, ಅದು ಮುಳುಗಿದಾಗ ಕೇಳುವವರು ಯಾರು?

ಆಟ ಬೇಕೆನಿಸಿದರೆ ಭಾನುವಾರ ಸಂಜೆ ನಾಲ್ಕಾರು ಮನೆಯವರು ಸೇರಿ. ಒಬ್ಬೊಬ್ಬರಿಗೆ ಐವತ್ತು ಹುಣಸೆ ಬೀಜ ಹಂಚಿ, ಬ್ಲೈಂಡ್ ಒಂದು ಮತ್ತು ಎರಡು ಬೀಜ ಇಡಿ. ಇವತ್ತು ಹೇಳಿದ ಲೆಕ್ಕವನ್ನು ಪರೀಕ್ಷಿಸಿ ನೋಡಿ. ತಾಳ್ಮೆ ಇದ್ದವನು ಯಾರು ಎಂಬುದು ಅಲ್ಲಿಯೂ ಗೊತ್ತಾಗುತ್ತದೆ; ತಿಂಗಳ ಸಂಬಳ ಮಾತ್ರ ಮನೆಯಲ್ಲೇ ಇರುತ್ತದೆ.