ಉಗುಳಿದರೆ ಸಾಕು, ಮುಕ್ಕಳಿಸಬೇಡಿ

ಶಾಲೆಯಲ್ಲಿ ಹಲ್ಲುಜ್ಜಿಸುವ ಮಾತು ಬಂದಾಗಲೆಲ್ಲ ಬೆಳಗಾವಿಯ ಶಹಾಪುರದ ತಾಯಂದಿರು ಕೇಳುವುದು ಒಂದೇ: ‘ಡಾಕ್ಟರ್, ಕೂಸು ಪೇಸ್ಟ್ ನುಂಗಿದ್ರ ಹೆಂಗ್ರೀ? ಫ್ಲೋರೈಡ್ ಅಂದ್ರ ವಿಷ ಅಂತಾರಲ್ಲ?’

ಜಾಹೀರಾತಿನಲ್ಲಿ ತೋರಿಸಿದ ಹಾಗೆ ಬ್ರಶ್ ತುಂಬ ಹಾಕಿದರೆ ನಿಮ್ಮ ಹೆದರಿಕೆ ಸರಿಯೇ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು. ಅದನ್ನು ಹಾಕಬೇಕಾದವರು ಟೀಚರ್, ಮಗುವಲ್ಲ. ಅಷ್ಟರಲ್ಲಿ ತುಸು ಹೊಟ್ಟೆಗೆ ಹೋದರೆ ಗಾಬರಿ ಬೇಡ. ಮುಂಡರಗಿ, ಪಾವಗಡದ ಕಡೆ ಹಲ್ಲು ಕಂದುಗಟ್ಟುವುದು ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕುಡಿದು. ನಮ್ಮ ನಲ್ಲಿಗೆ ಬರುವುದು ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು.

ನನ್ನ ತಕರಾರು ಬೇರೆ. ಒಂದು ಶಾಲೆಯಲ್ಲಿ ಹುಡುಗನೊಬ್ಬ ಚೆನ್ನಾಗಿ ಉಜ್ಜಿ, ಬೊಗಸೆ ಬೊಗಸೆ ನೀರು ಹಾಕಿಕೊಂಡು ಗಳಗಳ ಮುಕ್ಕಳಿಸಿದ. ಟೀಚರ್ ‘ಶಾಣ್ಯಾ ಅದಿ’ ಅಂದರು. ನನಗೆ ಹೊಟ್ಟೆ ಉರಿಯಿತು. ಹಲ್ಲಿಗೆ ಹಚ್ಚಿದ ಔಷಧವೆಲ್ಲ ಮೋರಿಗೆ ಹೋಗಿತ್ತು!

ಕುಂದಾ ತಿನ್ನಲಿ, ಬಿಸ್ಕತ್ತು ತಿನ್ನಲಿ, ಬಾಯಿಯ ಬ್ಯಾಕ್ಟೀರಿಯಾ ಆ ಸಕ್ಕರೆಯಿಂದ ಆಮ್ಲ ಮಾಡುತ್ತವೆ. ಆಮ್ಲ ಹಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿಸುತ್ತದೆ. ಜೊಲ್ಲು ಅವನ್ನು ಮರಳಿ ತುಂಬುತ್ತದೆ. ಜೊಲ್ಲಿನಲ್ಲಿ ಫ್ಲೋರೈಡ್ ಉಳಿದಿದ್ದರೆ ತುಂಬುವಿಕೆ ಬೇಗ, ತುಂಬಿದ್ದೂ ಗಟ್ಟಿ. ಉಳಿದಿದ್ದರೆ ಮಾತ್ರ! ‘ಎಂಜಲು ಬಾಯಿ ಹಂಗ ಬಿಡೂದೇನ್ರೀ?’ ಅನ್ನುತ್ತೀರಿ. ಹೌದು, ಬಿಡಿ. ನೊರೆ ಉಗುಳಿಸಿ, ನೀರು ಕೊಡಬೇಡಿ. ಮತ್ತೆ ಹೇಳುತ್ತೇನೆ: ಉಗುಳಬೇಕು, ಮುಕ್ಕಳಿಸಬಾರದು.

ಸ್ಕಾಟ್ಲೆಂಡಿನಲ್ಲಿ ಶಿಶುವಿಹಾರಗಳಲ್ಲೇ ದಿನಾ ಹೀಗೆ ಉಜ್ಜಿಸುತ್ತಾರೆ. ಅಲ್ಲಿ ಒಂದನೆಯ ತರಗತಿಯಲ್ಲಿ ಹುಳುಕು ಕಾಣದ ಮಕ್ಕಳು 2003ರಲ್ಲಿ 100ಕ್ಕೆ 45 ಇದ್ದರು, 2018ರಲ್ಲಿ 71. ಮನೆಯಲ್ಲಿ ಯಾರೂ ಉಜ್ಜಿಸದ ಮಗುವಿಗೂ ಶಾಲೆಯಲ್ಲಿ ಒಂದು ಸರದಿ ಸಿಗುತ್ತದಲ್ಲ, ಲಾಭ ಅಲ್ಲಿದೆ.

ಸಮಯ ಮುಗಿಯುತ್ತ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಪ್ರತಿ ಬ್ರಶ್ ಮೇಲೆ ಮಗುವಿನ ಹೆಸರಿರಲಿ, ಒಂದಕ್ಕೊಂದು ತಾಗದಂತೆ ನಿಲ್ಲಿಸಿ ಒಣಗಿಸಿ. ಪೇಸ್ಟಿನ ಮೇಲೆ 1000 ಪಿಪಿಎಂ ಫ್ಲೋರೈಡ್ ಎಂದಿದೆಯೇ ನೋಡಿ. ಅಜ್ಜಿಯಂದಿರೇ, ಮಿಶ್ರಿ ಹಚ್ಚಿದ ಬೆರಳು ಮೊಮ್ಮಕ್ಕಳ ಬಾಯಿಗೆ ಬೇಡ, ಅದು ಸುಟ್ಟ ತಂಬಾಕು. ‘ಬೀಳೂ ಹಲ್ಲು ಬಿಡ್ರೀ’ ಎಂಬ ಮಾತೂ ಬೇಡ. ಆರನೆಯ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಬರುವ ದವಡೆಹಲ್ಲು ಯಾವ ಹಲ್ಲೂ ಬೀಳದೆ ಹುಟ್ಟುತ್ತದೆ. ಹಾಗಾಗಿ ಅದನ್ನೂ ಬೀಳುವ ಹಲ್ಲೆಂದುಕೊಳ್ಳುತ್ತೀರಿ. ಆದರೆ ಅದು ಶಾಶ್ವತದ್ದು, ಹೋದರೆ ಮತ್ತೆ ಬಾರದು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ಬಿಸಿಯೂಟದ ನಂತರ ಎರಡು ನಿಮಿಷ ಬ್ರಶ್ಶಿಗೆ ಕೇಳಿ. ಮಲಗುವ ಮುಂಚಿನ ಎರಡು ನಿಮಿಷ ಮಾತ್ರ ನಿಮ್ಮದೇ ಜವಾಬ್ದಾರಿ.