ತುಂಬಿದ ಕೆರೆ ಮತ್ತು ತೆಪ್ಪದ ಎಚ್ಚರ



ಬಂಗಾರಪೇಟೆಯಿಂದ ಹೊರಟ ರೈಲುಮಾರ್ಗ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೆ ಈ ಸೀಮೆಯ ಕಾರ್ಮಿಕರು ನೆಲದೊಳಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದು ದುಡಿದವರು. ಆದರೆ ನೀರಿನ ಆಳದ ಒಡನಾಟ ಇಲ್ಲಿ ಕಡಿಮೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೇತಮಂಗಲದ ಕೆರೆಗೆ ನೀರುಣಿಸುವ ಪಾಲಾರ್ ಮಳೆಗಾಲದ ಹೊಳೆ. ಹಲವು ವರ್ಷ ಒಣಗಿದ್ದ ಕೆರೆಗಳು 2021ರ ನವೆಂಬರಿನ ಮಳೆಗೆ ಕೋಡಿ ಹರಿದಾಗ, ಈಜು ಕಲಿಯಲು ನೀರನ್ನೇ ಕಾಣದೆ ಬೆಳೆದ ಮಕ್ಕಳು ದಡದಲ್ಲಿ ನೆರೆದಿದ್ದರು.

ಒಣಗಿದ ಕೆರೆಯಲ್ಲಿ ಮಣ್ಣಿಗಾಗಿ ತೋಡಿದ ಗುಂಡಿಗಳು ನೀರು ಬಂದೊಡನೆ ಕಣ್ಮರೆಯಾಗುತ್ತವೆ. ಮೊಣಕಾಲುದ್ದದ ನೀರಿನಿಂದ ಮುಂದಿನ ಹೆಜ್ಜೆ ಆಳೆತ್ತರದ ನೀರಿಗೆ ಬೀಳಬಹುದು. 2019ರ ಸೆಪ್ಟೆಂಬರಿನಲ್ಲಿ ಕೆ.ಜಿ.ಎಫ್. ತಾಲ್ಲೂಕಿನ ಕ್ಯಾಸಂಬಳ್ಳಿ ಬಳಿ ಗಣೇಶನನ್ನು ವಿಸರ್ಜಿಸಲು ಹೋದ ಆರು ಮಕ್ಕಳು ಕುಂಟೆಯಲ್ಲಿ ಮುಳುಗಿ ಅಸುನೀಗಿದರು. ಮಲೆನಾಡಿನಲ್ಲಿ ನೀರಿನೊಡನೆಯೇ ಬಾಳುವವರಿಗೂ ಅಪಾಯ ತಪ್ಪಿದ್ದಲ್ಲ. 2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಜಿಲ್ಲೆಯ ಹಾಡೋನಹಳ್ಳಿಯಲ್ಲಿ ಗಣೇಶ ವಿಸರ್ಜನೆಗೆ ಹೊರಟ ತೆಪ್ಪ ಮಗುಚಿ ಹನ್ನೆರಡು ಜನ ಜೀವ ಕಳೆದುಕೊಂಡರು.

ಹಳೆಯ ಟ್ರ್ಯಾಕ್ಟರ್ ಟ್ಯೂಬು, ಅಂಗಡಿಯ ಗಾಳಿದೋಣಿ, ಟ್ಯೂಬುಗಳ ಮೇಲೆ ಹಲಗೆ ಕಟ್ಟಿದ ತೆಪ್ಪ ಇವೆಲ್ಲವೂ ಈಜು ಬಾರದವನಿಗೆ ಹುಸಿಧೈರ್ಯ ನೀಡುತ್ತವೆ. ಟ್ಯೂಬಿನಲ್ಲಿರುವುದು ಒಂದೇ ಗಾಳಿಕೋಶ. ಒಂದು ಜಾಲಿಮುಳ್ಳು ತಾಗಿದರೆ ಆಸರೆಯೆಲ್ಲ ಒಮ್ಮೆಗೇ ಹೋಗುತ್ತದೆ. ನದಿಯಲ್ಲಿ ಬಳಸುವ ರಾಫ್ಟಿಗೆ ಹಲವು ಪ್ರತ್ಯೇಕ ಕೋಶಗಳಿರುವುದು ಇದೇ ಕಾರಣಕ್ಕೆ. ಬಿಸಿಲಿನಲ್ಲಿ ಒಳಗಿನ ಗಾಳಿ ಹಿಗ್ಗಿ ಹೊಲಿಗೆ, ಅಂಟು ಬಿಡಬಹುದು. ತಣ್ಣೀರಿಗಿಳಿದಾಗ ಒತ್ತಡ ಕುಗ್ಗಿ ದೋಣಿ ಮೆತ್ತಗಾಗುತ್ತದೆ. ಆದ್ದರಿಂದ ನೀರಿಗಿಳಿಸಿದ ಮೇಲೆ ಗಾಳಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಹಗುರವಾದ ದೋಣಿಯನ್ನು ಗಾಳಿ ಸುಲಭವಾಗಿ ನಡುಗೆರೆಗೆ ತಳ್ಳುತ್ತದೆ. ತೇಲಿಹೋಗುವ ಟ್ಯೂಬನ್ನು ಹಿಡಿಯಲು ಬೆನ್ನಟ್ಟುವುದು ಸಲ್ಲದು.

ಪಾಲಿಸಬೇಕಾದ ಕ್ರಮಗಳು ಸರಳ. ತಯಾರಕರು ಸೂಚಿಸಿದ ಸಂಖ್ಯೆಗಿಂತ ಒಬ್ಬರೂ ಹೆಚ್ಚು ಹತ್ತಬಾರದು. ಎಲ್ಲರೂ ಕುಳಿತಿರಬೇಕು, ವಿಗ್ರಹವನ್ನು ನೀರಿಗೆ ಬಿಡುವಾಗ ಎಲ್ಲರೂ ಒಂದೇ ಬದಿಗೆ ಬಾಗಿದರೆ ತೆಪ್ಪ ಮಗುಚುತ್ತದೆ. ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಅಳತೆಗೆ ಸರಿಹೊಂದುವಂತೆ ಮೈಮೇಲೆ ಬಿಗಿದಿರಬೇಕು. ಕೋಡಿ ಮತ್ತು ತೂಬಿನ ಬಳಿಗೆ ಸುಳಿಯಬಾರದು. ಕುಡಿದವರನ್ನು ಹತ್ತಿಸಬಾರದು. ಮಾರಿಕುಪ್ಪಂನ ಸೈನೈಡ್ ದಿಬ್ಬಗಳ ಬುಡದಲ್ಲಿ ಮಳೆನೀರು ನಿಂತ ಹೊಂಡಗಳಂತೂ ಆಟದ ತಾಣಗಳಲ್ಲ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ನೀರಿಗೆ ಹಾರಬಾರದು. ಒಬ್ಬನ ಹಿಂದೆ ಮತ್ತೊಬ್ಬ ಹೋಗುವುದರಿಂದಲೇ ಸಾವು ಹೆಚ್ಚುತ್ತದೆ. ಹಗ್ಗ, ಸೀರೆ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ದಡದಿಂದಲೇ ನೀಡಬೇಕು; 112ಕ್ಕೆ ಕರೆ ಮಾಡಬೇಕು.

ಕೆರೆಯ ಹೂಳು ಮಣ್ಣಿಗೆ ಸಾರ ನೀಡುತ್ತದೆ; ಅದನ್ನು ಹೊಲಕ್ಕೆ ಸಾಗಿಸುವುದು ಒಳ್ಳೆಯ ರೂಢಿ. ಆದರೆ ತೋಡಿದ ಅಂಚನ್ನು ಇಳಿಜಾರಾಗಿಸಿ ಬಿಡುವುದೂ ಆ ಕೆಲಸದ ಭಾಗವಾಗಬೇಕು. ಗಣೇಶ ಚೌತಿಗೆ ಮುನ್ನ ಪ್ರತಿ ಗ್ರಾಮ ಪಂಚಾಯಿತಿಯೂ ಗುಂಡಿಗಳನ್ನು ಗುರುತಿಸಿ ಬೇಲಿ ಕಟ್ಟಲಿ. ವಿಸರ್ಜನೆಗೆ ಒಂದು ಸ್ಥಳ, ಒಂದು ಹಗ್ಗ, ಇಬ್ಬರು ಈಜುಗಾರರನ್ನು ನಿಗದಿಪಡಿಸಲಿ. ಕೆರೆ ತುಂಬಲೆಂದು ಹರಕೆ ಹೊರುವ ಸೀಮೆಯಲ್ಲಿ, ತುಂಬಿದ ಕೆರೆ ಮಕ್ಕಳನ್ನು ಕಸಿದುಕೊಳ್ಳದಂತೆ ಕಾಯುವುದು ಊರಿನ ಹೊಣೆ.