ಉತ್ತರ ಕೊಡಲಿಲ್ಲ ಅಂದರೆ, ಯಾರು?

ಶನಿವಾರದ ಬೆಳಗಿನ ನಿದ್ದೆ ಬಿಟ್ಟು ಫೆಲ್ಥಮ್‌ವರೆಗೆ ಬಂದಿರುವ ಗೆಳೆಯರೇ,

ಆಶಯ ಭಾಷಣಕ್ಕೆ ನನ್ನನ್ನು ಕರೆದಿರುವುದಕ್ಕೆ ವಯಸ್ಸೇ ಮುಖ್ಯ ಕಾರಣವಿರಬೇಕು. ಗಿಲಕಿ ಆಡಿಸಿ ಮಕ್ಕಳ ಕಿವಿ ಪರೀಕ್ಷಿಸಿದವರು ಈ ಸಭಾಂಗಣದಲ್ಲಿ ಮೂರ್ನಾಲ್ಕು ಮಂದಿ ಇದ್ದರೆ ಹೆಚ್ಚು.

ಈಗ ತಲೆಯ ಮೇಲೆ ವಿಮಾನ ಹೋಯಿತು. ನಾನು ಮಾತು ನಿಲ್ಲಿಸಿದೆ, ನೀವು ಯಾರೂ ಮೇಲೆ ನೋಡಲಿಲ್ಲ. ಹೀತ್ರೂ ಮಗ್ಗುಲಲ್ಲಿ ಇರುವವರಿಗೆ ಅದು ರೂಢಿ. ಬಹಳ ವರ್ಷಗಳ ಹಿಂದೆ ಈ ಕಡೆಯ ಕನ್ನಡದ ತಾಯಿಯೊಬ್ಬರು ನನಗೆ ಫೋನ್ ಮಾಡಿ ಕೇಳಿದ್ದರು: "ಮೇಡಂ, ವಿಮಾನ ಬಂದರೆ ಮಗು ಬೆಚ್ಚಿಬೀಳುತ್ತೆ. ಕಿವಿ ಕೇಳಿಸದೇ ಇದ್ದರೆ ಬೆಚ್ಚಿಬೀಳುತ್ತಾ?" ನಾನು ಪಾಠ ಒಪ್ಪಿಸಿದೆ. ವಿಮಾನದ್ದು ದಪ್ಪ ದನಿ; ತೆಳು ದನಿಗಳು ಕೇಳಿಸದ ಮಗುವೂ ಅದಕ್ಕೆ ಬೆಚ್ಚಬಹುದು, 'ಸ' 'ಶ'ಗಳು ಮಾತ್ರ ಅದಕ್ಕೆ ದಕ್ಕುವುದಿಲ್ಲ ಎಂದೆ. "ಹ್ಞೂಂ ಮೇಡಂ" ಎಂದರು. ಒಪ್ಪಿ ಹ್ಞೂಂ ಅಂದರೋ, ಮರ್ಯಾದೆಗೆ ಅಂದರೋ ಇವತ್ತಿಗೂ ಗೊತ್ತಿಲ್ಲ. ಹಸುಗೂಸುಗಳ ಕಿವಿ ತಪಾಸಣೆಯ ಬಗ್ಗೆ ತಾಯಂದಿರನ್ನು ಕೇಳುವ ನಮ್ಮ ಪ್ರಶ್ನಾವಳಿಗಳಲ್ಲಿ ಆ ಹ್ಞೂಂಗೆ ಜಾಗವಿಲ್ಲ.

ಮಕ್ಕಳ ಕಿವಿ ತಪಾಸಣೆಯ ಇತಿಹಾಸ ನಿಮಗೆ ಗೊತ್ತಿರುವುದೇ. 1944ರಲ್ಲಿ ಮ್ಯಾಂಚೆಸ್ಟರಿನ ಯೂಯಿಂಗ್ ದಂಪತಿ ಹಾಕಿಕೊಟ್ಟ ದಾರಿಯಲ್ಲಿ ಈ ದೇಶ ಅರ್ಧ ಶತಮಾನಕ್ಕೂ ಮಿಕ್ಕಿ ನಡೆಯಿತು. ಏಳೆಂಟು ತಿಂಗಳ ಮಗುವನ್ನು ತಾಯಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಒಬ್ಬರು ಎದುರಿಗೆ ಆಟವಾಡಿಸುವುದು, ಹೆಲ್ತ್ ವಿಸಿಟರ್ ಎನ್ನುವ ದಾದಿ ಹಿಂದಿನಿಂದ ಗಿಲಕಿ ಆಡಿಸುವುದು. ಮಗು ತಿರುಗಿದರೆ ಪಾಸು. ನಮ್ಮ ಅಜ್ಜಿಯರು ಸೌಟಿನಿಂದ ತಟ್ಟೆ ಬಡಿದು ನೋಡುತ್ತಿದ್ದುದಕ್ಕೂ ಇದಕ್ಕೂ ಜಾತಿಯಲ್ಲಿ ವ್ಯತ್ಯಾಸವೇನಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದುವಾಗ ತಟ್ಟೆ ಬಡಿಯುವವರನ್ನು ಕಂಡು ನಕ್ಕವಳು ನಾನು. ಇಲ್ಲಿಗೆ ಬಂದಾಗ ನನ್ನ ಕೈಗೂ ಗಿಲಕಿ ಕೊಟ್ಟರು.

ಒಳಗಿವಿ ತಾನೇ ಸಣ್ಣ ದನಿ ಹೊರಡಿಸುತ್ತದೆ ಎಂದು ಡೇವಿಡ್ ಕೆಂಪ್ 1978ರಲ್ಲಿ ಇದೇ ಲಂಡನ್ನಿನಲ್ಲಿ ತೋರಿಸಿಕೊಟ್ಟರು. ಆಮೇಲೆ ಆ ದನಿ ಹಿಡಿದು ಮಲಗಿರುವ ಹಸುಗೂಸನ್ನೂ ಪರೀಕ್ಷಿಸಬಹುದಾಯಿತು; 2006ರ ಹೊತ್ತಿಗೆ ಇಂಗ್ಲೆಂಡಿನ ಉದ್ದಗಲಕ್ಕೂ ಆ ತಪಾಸಣೆ ಬಂತು. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ನಿರ್ಣಯ, ಆರರೊಳಗೆ ಆರೈಕೆ ಎನ್ನುವ ಸೂತ್ರವನ್ನು ಇಲ್ಲಿರುವ ಕಿರಿಯರು ನಿದ್ದೆಯಲ್ಲೂ ಹೇಳುತ್ತಾರೆ. ತಪಾಸಣೆಯಿಂದ ಪೋಷಕರಿಗಾಗುವ ಆತಂಕವನ್ನು ಅಳೆದ ರೇಚಲ್ ಕ್ರಾಕೆಟ್, ಥೆರೆಸಾ ಮಾರ್ಟೊ, ಮನೆಗಳಿಗೆ ಹೋಗಿ ಕೂತು ಕೇಳಿದ ಆಲಿಸ್ ಯಂಗ್ ಇವರ ಬರಹಗಳನ್ನು ಮುಂದಿನ ಸಾಲಿನಲ್ಲಿರುವ ನನ್ನ ಗೆಳತಿ ನನಗಿಂತ ಚೆನ್ನಾಗಿ ಬಲ್ಲರು. ಮಧ್ಯಾಹ್ನ ಅವರೇ ಮಾತಾಡುತ್ತಾರೆ.

ಪ್ರಶ್ನಾವಳಿಗಳ ಬಗ್ಗೆ ನನ್ನ ತಕರಾರು ಬೇರೆ. ಸಾವಿರ ಮಕ್ಕಳಲ್ಲಿ ಕಾಯಂ ಶ್ರವಣದೋಷ ಇರುವುದು ಒಂದೆರಡಕ್ಕೆ. ಹೆಚ್ಚಿನ ಪರೀಕ್ಷೆಗೆ ಕಳಿಸುವುದು ನೂರಕ್ಕೆ ಎರಡು ಮೂರು ಮಕ್ಕಳನ್ನು. ಅಂದರೆ ಸಾವಿರ ತಾಯಂದಿರಿಗೆ ಪ್ರಶ್ನಾವಳಿ ಕೊಟ್ಟರೆ ಒಂಬೈನೂರ ಎಪ್ಪತ್ತು ಜನಕ್ಕೆ ಏನೂ ಆಗಿರುವುದಿಲ್ಲ. ಮಗು ಮಲಗಿತ್ತು, ಯಾರೋ ಬಂದರು, ಕಿವಿಗೆ ಏನೋ ಇಟ್ಟರು, ಹೋದರು. ಅವರ ತೃಪ್ತಿಯನ್ನು ಶೇಕಡಾವಾರು ಹಾಕಿ ವರದಿ ಬರೆಯುತ್ತೇವೆ. ಛತ್ರಿ ಬಗ್ಗೆ ಬಿಸಿಲಲ್ಲಿ ಹೋಗುವವರನ್ನು ಕೇಳಿದ ಹಾಗೆ.

ಈ 'ತೃಪ್ತಿ' ಅನ್ನುವ ಮಾತೂ ಒಂದು ತೊಡಕು. ನಮ್ಮಲ್ಲಿ ಅದನ್ನು ಕೇಳುವುದು ಎಲೆಯ ಮುಂದೆ. ಬಡಿಸಿದವರು "ತೃಪ್ತಿಯಾಯಿತೇ?" ಅಂದಾಗ ಇಲ್ಲ ಎಂದವರನ್ನು ನಾನಂತೂ ನೋಡಿಲ್ಲ. ಸಾರು ಉಪ್ಪಾಗಿದ್ದರೂ ಕೈಮುಗಿದು ಏಳುತ್ತೇವೆ.

ವಿಮಾನದ ಬಗ್ಗೆ ಫೋನ್ ಮಾಡಿ ಕೇಳಿದ ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಮಗುವಿನ ತಪಾಸಣೆಯಲ್ಲಿ 'ಸ್ಪಷ್ಟ ಪ್ರತಿಕ್ರಿಯೆ ಸಿಗಲಿಲ್ಲ' ಎಂದು ಬಂದಿತ್ತು. ಇಲ್ಲಿ ಬಳಸುವ ಮಾತೇ ಅದು, ಒಳ್ಳೆಯ ಮಾತೇ. ಕಿವಿಯಲ್ಲಿ ದ್ರವ ನಿಂತಿರಬಹುದು, ಮಗು ಅತ್ತಿರಬಹುದು, ಕೋಣೆಯಲ್ಲಿ ಗದ್ದಲವಿದ್ದಿರಬಹುದು. ಕಿವುಡೆಂದು ಅದರ ಅರ್ಥವಲ್ಲ. ಆದರೆ ಅವರಿಗೆ ಸಿಕ್ಕ ದುಭಾಷಿ ಹಿಂದಿಯವರು. ಹಾಸನದ ಕಡೆಯ ಈ ಹೆಣ್ಣುಮಗಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಹಿಂದಿ ಸಿನಿಮಾದಷ್ಟು. ಅವರಿಗೆ ಅರ್ಥವಾದದ್ದು: ಸರಿಯಾದ ಉತ್ತರ ಸಿಗಲಿಲ್ಲ. ಗಂಡನಿಗೆ ಸಂಜೆ ಹೇಳಿದ್ದು: "ಅವರಿಗೇ ಸರಿಯಾಗಿ ಗೊತ್ತಿಲ್ಲವಂತೆ, ಇನ್ನೊಂದು ಸಲ ಬರಬೇಕಂತೆ." ಪ್ರಶ್ನಾವಳಿಯಲ್ಲಿ 'ತುಂಬಾ ತೃಪ್ತಿ'ಗೆ ಗುರುತು ಹಾಕಿದ್ದರು. ಪರೀಕ್ಷೆ ಮಾಡಿದ ಹುಡುಗಿ ಬಹಳ ಒಳ್ಳೆಯವಳಂತೆ.

ಸಂಜೆ ಮನೆಯಲ್ಲಿ ಏನು ಹೇಳಿದಿರಿ? ನಾನು ಕೇಳಬೇಕೆನ್ನುವ ಪ್ರಶ್ನೆ ಇದೊಂದೇ. ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಉತ್ತರಕ್ಕೆ ಅಂಕಿ ಹಾಕಲು ಬರುವುದಿಲ್ಲ ಎಂದು ಆ ಪ್ರಶ್ನೆಯನ್ನು ಬಿಡಲಾಗಿದೆ.

ಇನ್ನು ಪ್ರಶ್ನಾವಳಿ ವಾಪಸು ಕಳಿಸದವರು. ಕಿವಿಯಿಂದ ಪ್ರತಿಕ್ರಿಯೆ ಬಾರದಿದ್ದರೆ ಗದ್ದಲವೋ ದ್ರವವೋ ಎಂದು ಮೂರು ಸಲ ನೋಡುತ್ತೇವೆ. ತಾಯಿಯಿಂದ ಬಾರದಿದ್ದರೆ 'ಆಸಕ್ತಿ ಇಲ್ಲ' ಎಂದು ಒಂದೇ ಸಲಕ್ಕೆ ಬರೆದುಬಿಡುತ್ತೇವೆ. ಉತ್ತರ ಬಾರದಿರಲು ಬೇರೆ ಕಾರಣಗಳೂ ಇರುತ್ತವೆ. ಊರಿನಲ್ಲಾದರೆ ಚೊಚ್ಚಲ ಹೆರಿಗೆ ತವರಿನಲ್ಲಿ. ತಪಾಸಣೆ ಒಂದು ತಾಲ್ಲೂಕಿನಲ್ಲಿ, ಐದನೇ ತಿಂಗಳಿಗೆ ಮಗು ಇನ್ನೊಂದು ಜಿಲ್ಲೆಯಲ್ಲಿ, ಕಡತದಲ್ಲಿರುವುದು ಮಾವನ ಫೋನ್ ನಂಬರು. ಲಂಡನ್ನಿನಲ್ಲಿ ಇದು ತಿರುಗುಮುರುಗು. ತವರೇ ವಿಮಾನ ಹತ್ತಿ ಬರುತ್ತದೆ, ಆರು ತಿಂಗಳ ವೀಸಾದ ಮೇಲೆ. ಮಗುವನ್ನು ಹಗಲೆಲ್ಲ ಎತ್ತಿಕೊಂಡವರು ಅಜ್ಜಿ. ಪ್ರಶ್ನಾವಳಿ ಬರುವುದು ತಾಯಿಯ ಹೆಸರಿಗೆ.

ಆ ಹಾಸನದ ಹೆಣ್ಣುಮಗಳ ಮನೆಯ ಅಜ್ಜಿಯನ್ನು ನಾನು ನೋಡಿದ್ದು ಅವರು ವಾಪಸು ಹೊರಡುವ ವಾರ. ಅಷ್ಟರಲ್ಲಿ ಮಗುವಿಗೆ ಶ್ರವಣಸಾಧನ ಬಂದಿತ್ತು. ಕಾಫಿ ಕೊಡುತ್ತಾ ಮೆಲ್ಲಗೆ ಅಂದರು: "ನನಗೆ ಹದಿನೈದನೇ ದಿನವೇ ಗೊತ್ತಿತ್ತಮ್ಮ. ಎಣ್ಣೆ ಸ್ನಾನ ಮಾಡಿಸುವಾಗ ಚೊಂಬು ಕೈಜಾರಿ ಬಿತ್ತು. ಕೂಸು ಕಣ್ಣೂ ಮಿಟುಕಿಸಲಿಲ್ಲ." ಯಾಕೆ ಹೇಳಲಿಲ್ಲ ಎಂದೆ. "ಬಾಣಂತಿಗೆ ಚಿಂತೆ ಹಚ್ಚಿದರೆ ಹಾಲು ಬತ್ತುತ್ತೆ."

ವಿಮಾನಕ್ಕೆ ಬೆಚ್ಚುವ ಮಗು ಚೊಂಬಿನ ಠಣ್ ಎನ್ನುವ ಸದ್ದಿಗೆ ಬೆಚ್ಚಲಿಲ್ಲ. ನನ್ನ ದಪ್ಪ ದನಿ, ತೆಳು ದನಿ ಪಾಠವನ್ನು ಆಕೆ ಬಚ್ಚಲಲ್ಲೇ ಕಂಡುಕೊಂಡಿದ್ದರು.

ಅವರನ್ನು ಯಾವ ದಿನ ಕೇಳಬೇಕಿತ್ತು? ಬಾಣಂತನದಲ್ಲಿ ಕೇಳಿದ್ದರೆ ಮಗಳ ಎದುರು ಬಾಯಿ ಬಿಡುತ್ತಿರಲಿಲ್ಲ. ನಿರ್ಣಯವಾದ ಮೇಲೆ ಕೇಳಿದರೆ, ನೆನಪೋ, ಆಗಿಹೋದದ್ದಕ್ಕೆ ಮನಸ್ಸು ಕಟ್ಟಿಕೊಂಡ ಕಥೆಯೋ ಹೇಳುವವರಾರು? ವರ್ಷ ಕಳೆದು ಕೇಳೋಣವೆಂದರೆ ಅವರು ಹಾಸನದಲ್ಲಿ. ನನ್ನ ಹತ್ತಿರ ಇದಕ್ಕೆ ಉತ್ತರವಿಲ್ಲ. ಇಟ್ಟುಕೊಂಡು ಮುಚ್ಚಿಟ್ಟಿಲ್ಲ, ನಿಜವಾಗಿ ಇಲ್ಲ. ಮೊದಲ ಗೋಷ್ಠಿಯವರು ಗಡಿಯಾರ ನೋಡುತ್ತಿದ್ದಾರೆ, ಹೊರಗೆ ಉಪ್ಪಿಟ್ಟು ಆರುತ್ತಿದೆಯಂತೆ. ತಿಂದು ಬನ್ನಿ, ಆದರೆ ಬಡಿಸಿದವರು ತೃಪ್ತಿಯಾಯಿತೇ ಎಂದು ಕೇಳಿದಾಗ ಏನು ಹೇಳಿದಿರಿ ಎಂದು ಮಧ್ಯಾಹ್ನ ನನಗೆ ತಿಳಿಸಿ.